ದುಡ್ಡು ಬರೋ ಅತ್ತೆ

...ಇಲ್ಲ, ನಾನು ಏಳಲ್ಲ ಅಂದ್ರೆ ಏಳಲ್ಲ. ನೀರು ಕಾದಿದ್ರೆ ಕಾಯ್ಲಿ, ಆರಿದ್ರೆ ಆರ್ಲಿ. ಅತ್ತೆ ಸ್ನಾನಕ್ಕೆ ಬೆಳಕು ಹರಿಯೋಕೆ ಮುಂಚೆ ಎದ್ದು ಒಲೆ ಹಚ್ಚೋ ಸೊಸೆ! ಕೇಳಿದವರು ಏನಂತಾರೆ? ಮುದುಕಿ ಪುಣ್ಯ ಮಾಡಿದ್ಲು ಅಂತಾರೆ. ಅಂದ್ಕೊಳ್ಲಿ ಬಿಡು. ನಾನು ಅಷ್ಟು ಸುಲಭಕ್ಕೆ ಅಂದ್ಕೊಳ್ಳೋಳಲ್ಲ. ನಿನ್ನನ್ನ ನಾನೇನು ಇವತ್ತು ಹೊಸದಾಗಿ ನೋಡ್ತಿದ್ದೀನಾ?

ಕೂತ್ಕೋ. ಹಾಗೆ ನಿಂತ್ಕೊಂಡು ನೋಡ್ಬೇಡ, ನನಗೆ ಕತ್ತು ನೋಯುತ್ತೆ. ಅಲ್ಲಿ ಬಾಗಿಲ ಹಿಂದೆ, ಆ ಚೀಲದ ಪಕ್ಕದಲ್ಲೇ ಕೂತ್ಕೋ. ಹೂಂ, ಚೀಲ! ಮುದುಕಿ ಕಣ್ಣಿಗೆ ಬೀಳಲ್ಲ ಅಂದ್ಕೊಂಡಿದ್ಯಾ? ಕಣ್ಣು ಮಂಜಾಗಿದೆ, ಒಪ್ಕೋತೀನಿ. ಆದ್ರೆ ನನ್ನ ನೀಲಿ ಸೀರೆ ನನಗೆ ಗೊತ್ತಾಗಲ್ವೇನೇ? ನೀನು ನೀರಿಗೆ ಹೋದಾಗ ಎದ್ದು ಬಿಚ್ಚಿ ನೋಡ್ದೆ. ಹೌದು, ನೋಡ್ದೆ! ನನ್ನ ಸಾಮಾನು ನಾನು ನೋಡೋಕೆ ಯಾರಪ್ಪಣೆ ಬೇಕು? ಸೀರೆ, ಟವೆಲು, ಬಾಚಣಿಗೆ... ಆಮೇಲೆ ನನ್ನ ಬಿಪಿ ಮಾತ್ರೆ. ತಿಂಗಳ ಮಾತ್ರೆ ಪೂರ್ತಿ! ಹೋಗಿ ಬರೋರಿಗೆ ತಿಂಗಳ ಮಾತ್ರೆ ಯಾಕಮ್ಮಾ? ಎರಡು ಕತ್ತರಿಸಿ ಇಟ್ಕೊಂಡ್ರೆ ಸಾಲ್ತಿರಲಿಲ್ವಾ?

ಹೇಳು. ನನ್ನನ್ನ ಎಲ್ಲಿಗೆ ಸಾಗಿಸ್ತಿದ್ದೀರಿ ಗಂಡ ಹೆಂಡತಿ ಸೇರ್ಕೊಂಡು?

ತಲೆ ಬಗ್ಗಿಸ್ಬಿಟ್ಟೆ. ಇದೊಂದು ಚೆನ್ನಾಗಿ ಕಲ್ತಿದ್ದೀಯ. ನಿನ್ನ ಬಾಯಿಂದ ಒಂದು ಮಾತು ಹೊರಡಿಸೋದಕ್ಕಿಂತ ಕಲ್ಲು ಹಿಂಡಿ ನೀರು ತೆಗೀಬಹುದು. ಹೊರಗೆ ನೋಡಿದ್ರೆ ನನ್ನ ಮಗರಾಯ ಯಾರದೋ ಆಟೋ ತಂದು ನಿಲ್ಸಿದ್ದಾನೆ. ಒಳಗೆ ಬಂದು ಅಮ್ಮನ ಮುಖ ನೋಡೋ ಧೈರ್ಯ ಇಲ್ಲ, ಆಟೋ ಗಾಜು ಒರೆಸ್ತಾ ನಿಂತಿದ್ದಾನೆ. ಒರೆಸಿದ್ದೇ ಒರೆಸಿದ್ದು. ಕೇಳಿದ್ರೆ ನಾನೇನು ಬರಲ್ಲ ಅಂತಿದ್ನಾ? ...ಅಂತಿದ್ದೆ ಅನ್ನು. ಆದ್ರೂ ಕೇಳ್ಬೇಕಿತ್ತು.

ಮಗಳ ಮನೆಗಾ? ಅವಳ ಮನೇಲಿ ಅವಳಿಗೇ ಕಾಲು ಚಾಚೋಕೆ ಜಾಗ ಇಲ್ಲ. ಮತ್ತೆ... ಆ ಮುದುಕರನ್ನ ಇಟ್ಕೊಳ್ಳೋ ಮನೆ ಅಂತಾರಲ್ಲ, ಅಲ್ಲಿಗಾ? ಪಕ್ಕದ ಮನೆ ಟೈಲರಮ್ಮ ಅವರ ಮಾವನ್ನ ಅಲ್ಲಿಗೇ ಬಿಟ್ಟು ಬಂದಿದ್ದು. ಅವತ್ತೂ ಬಿಸಿನೀರು ಕಾಯಿಸಿದ್ರಂತೆ. ಸ್ನಾನ ಮಾಡ್ಸಿ, ತಲೆ ಬಾಚಿ, ಇಸ್ತ್ರಿ ಶರ್ಟು ಹಾಕ್ಸಿ... ಪಾಪ, ಆಯಪ್ಪ ಮದುವೆಗೆ ಅಂದ್ಕೊಂಡು ಗಾಡಿ ಹತ್ತಿದ್ನಂತೆ! ನಾನು ಹಾಗೆಲ್ಲ ಹತ್ತಲ್ಲ ಕಣೇ. ಈ ಮಂಚ ಬಿಟ್ಟು ಎದ್ದೆ ಅಂದ್ರೆ ಮತ್ತೆ ಇದರ ಮೇಲೆ ಕೂರ್ತೀನೋ ಇಲ್ವೋ, ಅದು ನನಗೆ ಗೊತ್ತಾಗೋವರೆಗೂ ಏಳಲ್ಲ.

ನಗ್ತಿದ್ದೀಯಾ? ಇಲ್ವಾ? ಮತ್ತೆ ಭುಜ ಯಾಕೆ ಅಲ್ಲಾಡ್ತು?

ನಿನಗೇನು ಗೊತ್ತು ಈ ಮಂಚದ ಬೆಲೆ. ಅಲ್ಲ, ನಿನಗೆ ಗೊತ್ತು! ನಿನಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಹಿಂದುಗಡೆ ಚಪ್ಪರದಲ್ಲಿ ಕೋಳಿ ಜೊತೆ ಮಲಗ್ತಿದ್ದೋಳು ನಾನು. ಅತ್ತೆಗೆ ರಾತ್ರಿ ಕೆಮ್ಮು, ಮಗು ನಿದ್ದೆ ಕೆಡುತ್ತೆ ಅಂತ ಅಲ್ಲಿಗೆ ಹಾಸಿ ಕೊಟ್ಟೋಳು ನೀನು. ನಾನು ಬೇಜಾರು ಮಾಡ್ಕೊಳ್ಳಲಿಲ್ಲ. ಮಾಡ್ಕೊಂಡು ಯಾರಿಗೆ ಹೇಳ್ಲಿ, ಹುಂಜಕ್ಕಾ? ಊಟಕ್ಕೆ ಎಲ್ಲರದೂ ಆದ್ಮೇಲೆ ನನ್ನ ತಟ್ಟೆ ಬರ್ತಿತ್ತು. ಅದರಲ್ಲಿ ಒಂದಿನ ಉಪ್ಪೇ ಇರ್ತಿರಲಿಲ್ಲ, ಒಂದಿನ ಉಪ್ಪೇ ಇರ್ತಿತ್ತು. ನನ್ನ ಮಗ ಇಟ್ಟಿಗೆ ಗೂಡಿಂದ ಬಂದ್ರೆ ಅಮ್ಮಾ ಅಂತ ಒಂದು ಮಾತಿಲ್ಲ. ಗೂಡಿನ ಯಜಮಾನನ ಹತ್ರ ಮುಂಗಡ ತಿಂದು ತಿಂದು ಅವನ ಬೆನ್ನು ಅವನದಾಗಿರಲಿಲ್ಲ, ಬಾಯಿ ಎಲ್ಲಿಂದ ಅವನದಾಗುತ್ತೆ? ನನ್ನ ಬಂಗಾರ, ನನ್ನ ಮೊಮ್ಮಗಳು, ಅದನ್ನ ಸ್ಕೂಲು ಬಿಡ್ಸಿ ಮೇಕೆ ಹಿಂದೆ ಓಡ್ಸಿದ್ರಿ. ನಾನು ಬೇಡ ಅಂದೆ. ಅಂದೆ ತಾನೆ? ಆಗ ನೀನೇನಂದೆ ನೆನಪಿದ್ಯಾ? ಬಾಯಿಗೆ ಬೀಗ ಹಾಕ್ಕೊಂಡಿರೋ ನೀನು ಅವತ್ತು ಮಾತ್ರ ಪಟ್ ಅಂತ ಅಂದೆ: "ಅತ್ತೆ, ನೀವು ಸುಮ್ಮನಿರಿ, ಇದು ದುಡಿಯೋರ ಮಾತು."

ಸರಿ, ಸುಮ್ಮನಾದೆ.

ಆಮೇಲೆ ಬಂತಲ್ಲ ಸರ್ಕಾರದ ದುಡ್ಡು! ಇರೋಬರೋ ಮುದುಕಿಯರಿಗೆಲ್ಲ ತಿಂಗಳಾ ತಿಂಗಳಾ, ನೇರವಾಗಿ ಅವರವರ ಹೆಸರಿಗೇ. ಮಧ್ಯ ಕೈ ಚಾಚೋಕೆ ಯಾರೂ ಇಲ್ಲ, ಕೈ ಕಟ್ಕೊಂಡು ನಿಲ್ಲೋದೂ ಇಲ್ಲ. ಹೋಗು, ಅಂಗಡಿ ಪಕ್ಕದ ಕೋಣೇಲಿ ಆ ಮಿಷನ್ನಿನ ಮೇಲೆ ಹೆಬ್ಬೆರಳಿಡು, ಟಕ್ ಅನ್ನುತ್ತೆ, ಇಸ್ಕೋ, ಬಾ. ಮೊದಲನೇ ಸಲ ಇಸ್ಕೊಂಡಾಗ ಕೋಣೆ ಹೊರಗೆ ನಿಂತು ಹಿಂದೆ ಮುಂದೆ ನೋಡ್ದೆ ಕಣೇ, ಯಾರಾದ್ರೂ ಓಡಿ ಬಂದು ಅಜ್ಜಿ ತಪ್ಪಾಯ್ತು ವಾಪಸ್ ಕೊಡಿ ಅಂತಾರೇನೋ ಅಂತ. ಯಾರೂ ಬರಲಿಲ್ಲ. ತಂದು ನಿನ್ನ ಕೈಗೇ ಕೊಟ್ಟೆ. ಮಗನಿಗೆ ಕೊಡಲಿಲ್ಲ, ನಿನ್ನ ಕೈಗೆ ಕೊಟ್ಟೆ. ಯಾಕೆ ಅಂತ ನೀನು ಯಾವತ್ತೂ ಕೇಳಲಿಲ್ಲ.

ಅವತ್ತು ರಾತ್ರಿ ನನ್ನ ತಟ್ಟೆಗೆ ಉಪ್ಪು ಸರಿಯಾಗಿ ಬಿತ್ತು!

ಈಗ ನಿಜವಾಗ್ಲೂ ನಗ್ತಿದ್ದೀಯ. ನಗು ನಗು. ನಾನೂ ಅವತ್ತು ಒಳಗೊಳಗೇ ನಕ್ಕೆ. ನಕ್ಕು ಸುಮ್ಮನಾಗಲಿಲ್ಲ, ಕಣ್ಣಿಟ್ಟೆ. ಎರಡನೇ ತಿಂಗಳಿಗೆ ಚಪ್ಪರದಿಂದ ಹಜಾರಕ್ಕೆ ಬಂದೆ. ಆಮೇಲೆ ಹಜಾರದಿಂದ ಒಳಕೋಣೆಗೆ. ಆಮೇಲೆ ಈ ಮಂಚ, ನಿಮ್ಮಿಬ್ಬರದೇ ಮಂಚ, ನನಗೆ! ನೀವು ಕೆಳಗೆ ಚಾಪೆ ಹಾಸ್ಕೊಂಡ್ರಿ. ಮಗು ಮತ್ತೆ ಸ್ಕೂಲಿಗೆ ಹೋಯ್ತು, ಕಾಲಿಗೆ ಬೂಟು ಬಂತು. ಮಲಗೋವಾಗ್ಲೂ ಬಿಚ್ಚಲ್ಲ ಅಂತ ಹಟ ಮಾಡ್ತು ನೋಡು ಆ ಬೂಟು! ಸೋರ್ತಿದ್ದ ಕಡೆ ಹೊಸ ಶೀಟು ಹೊದಿಸಿದ್ರಿ. ನಿನ್ನ ಗಂಡ ಗೂಡಿನವನಿಗೆ ಈ ವರ್ಷ ಮುಂಗಡ ಬೇಡ ಅಂದ್ನಂತೆ. ಅಂದು ಮನೆಗೆ ಬಂದು, ನನ್ನ ಕಾಲ ಹತ್ರ ಕೂತ್ಕೊಂಡು, "ಅಮ್ಮಾ, ಮೇಕೆ ಇನ್ನೆರಡು ತರೋಣ್ವಾ, ನೀನೇನಂತೀಯ?" ಅಂದ. ನಾನೇನಂತೀನಂತೆ! ಅವರಪ್ಪ ಬದುಕಿದ್ದಾಗ್ಲೂ ನನ್ನನ್ನ ಯಾರೂ ಅದನ್ನ ಕೇಳಿರಲಿಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. ತರೋಣ ಅಂದೆ, ಜೋರಾಗಿ.

ಮನಸ್ಸು ತುಂಬಿ ಬಂತು ಕಣೇ ಅವತ್ತು. ಸುಳ್ಳು ಯಾಕೆ ಹೇಳ್ಲಿ.

ಆದ್ರೆ ನನಗೇನು ಬುದ್ಧಿ ಇಲ್ವಾ? ಈ ಮಂಚ ನನಗೆ ಬಂದಿದ್ದಾ, ನನ್ನ ದುಡ್ಡಿಗೆ ಬಂದಿದ್ದಾ? ನೀನು ಕಾಲಿಗೆ ಎಣ್ಣೆ ತಿಕ್ಕಿದಾಗೆಲ್ಲ ನಾನು ಲೆಕ್ಕ ಹಾಕ್ತಿದ್ದೆ, ಇದು ಸೊಸೆ ಕೈಯಾ, ದುಡ್ಡು ಇಸ್ಕೊಳ್ಳೋ ಕೈಯಾ ಅಂತ. ಮೊಟ್ಟೆ ಬೇಯಿಸಿ ತಂದ್ರೆ ಅದನ್ನ ತಿರುಗಿಸಿ ತಿರುಗಿಸಿ ನೋಡ್ತಿದ್ದೆ. ಊರೋರು ನಿನ್ನ ಬೆನ್ನ ಹಿಂದೆ ಏನಂತಾರೆ ಗೊತ್ತಾ? ದುಡ್ಡು ಬರೋ ಅತ್ತೆ ಇದ್ದಾಳೆ, ಅದಕ್ಕೇ ತಲೆ ಮೇಲೆ ಹೊತ್ಕೊಂಡು ತಿರುಗ್ತಾಳೆ ಅಂತಾರೆ. ಟೈಲರಮ್ಮ ನನ್ನ ಮುಂದೇನೇ ಅಂದ್ಲು. ನಾನು ಅವಳಿಗೆ ಚೆನ್ನಾಗಿ ಬಿಸಿ ಮುಟ್ಟಿಸ್ದೆ. ಬಿಸಿ ಮುಟ್ಟಿಸಿ ಮನೆಗೆ ಬಂದು... ನಾನೂ ಅದನ್ನೇ ಯೋಚನೆ ಮಾಡ್ತಾ ಕೂತೆ.

ಏನದು? ಕೈ ಬಿಡು. ಕೈ ಯಾಕೆ ಹಿಡ್ಕೋತೀಯ? ನೋಡೋಕೇನಿದೆ ಅದರಲ್ಲಿ? ಉಗುರು ಸಂದಿ ಒಡೆದಿದೆ, ವಯಸ್ಸಾದ್ರೆ ಒಡೆಯುತ್ತೆ. ಮೂಸ್ಬೇಡ! ಬೆಳ್ಳುಳ್ಳಿ ಕಣೇ, ಬೆಳ್ಳುಳ್ಳಿ. ಹಲ್ಲುನೋವು ಅಂತ ಹಚ್ಕೊಂಡೆ ಅಂತ ಹೇಳಿರಲಿಲ್ವಾ? ...ಹೌದು, ಇರೋದು ನಾಲ್ಕೇ ಹಲ್ಲು. ನಾಲ್ಕೂ ನೋಯ್ತವೆ! ಅದಕ್ಕೂ ನಿನ್ನ ಅಪ್ಪಣೆ ಬೇಕಾ? ದಿನಾ ಮಧ್ಯಾಹ್ನ ಎಲ್ಲಿಗೆ ಹೋಗ್ತೀನಾ? ಬಸ್‌ಸ್ಟಾಪ್ ಹತ್ರ ನೆರಳಲ್ಲಿ ಕೂತ್ಕೋತೀನಿ. ನನ್ನ ವಯಸ್ಸಿನವರು ನಾಲ್ಕು ಜನ ಸೇರ್ತಾರೆ. ನಮ್ಮ ಸೊಸೆಯರನ್ನ ಬಯ್ಕೋತೀವಿ. ಹೊತ್ತು ಹೋಗುತ್ತೆ. ನೀನು ಕೇಳಲೇ ಇಲ್ಲ, ಅಲ್ವಾ? ನಾನೇ ಹೇಳ್ಬಿಟ್ಟೆ.

ನೋಡು, ಮಾತು ಎಲ್ಲಿಂದ ಎಲ್ಲಿಗೋ ಹೋಯ್ತು. ನಾನು ಬರಲ್ಲ ಅಂತ ತಾನೆ ಹೇಳ್ತಿದ್ದಿದ್ದು. ಬರಲ್ಲ. ಬರೋಕೂ ಆಗಲ್ಲ! ಇವತ್ತು ಯಾವ ದಿನ ಅಂತ ಮರೆತ್ಯಾ? ಇವತ್ತು ದುಡ್ಡಿನ ದಿನ. ನಿಮ್ಮ ಆಟೋ ಹತ್ತಿ ನಾನು ಎಲ್ಲೋ ಹೋಗ್ಬಿಟ್ರೆ ಹೆಬ್ಬೆರಳು ಯಾರು ಇಡ್ತಾರೆ? ನಿನ್ನ ಗಂಡನಾ? ದುಡ್ಡು ಹೋಗುತ್ತೆ ಕಣೇ, ದುಡ್ಡು!

ಕೇಳಿಸ್ತಾ? ಇವತ್ತು ದುಡ್ಡಿನ ದಿನ ಅಂದೆ.

...ಯಾಕೆ ಗಾಬರಿ ಆಗಲಿಲ್ಲ ನೀನು?

ಬೇರೆ ತಿಂಗಳಾಗಿದ್ರೆ ಇಷ್ಟೊತ್ತಿಗೆ ನೀನೇ ನನ್ನ ಕೈಗೆ ಕೋಲು ಕೊಟ್ಟು, "ಅತ್ತೆ, ಸಾಲು ಬೆಳೆಯುತ್ತೆ, ಬೇಗ ಹೋಗ್ಬನ್ನಿ" ಅಂತ ಬಾಗಿಲಿಗೆ ತಂದು ನಿಲ್ಲಿಸ್ತಿದ್ದೆ. ಮೊದಲೆಲ್ಲ ಹಾಗೇ ಮಾಡ್ತಿದ್ದೆ. ಹೋದ ತಿಂಗಳು... ಅದರ ಹಿಂದಿನ ತಿಂಗಳೂ ಹಾಗೆ ಅನ್ನಲಿಲ್ಲ, ಅಲ್ವಾ? ಕೋಲು ಮಾತ್ರ ತಂದು ಕೊಟ್ಟೆ. ಬಂದ್ಮೇಲೆ ಬಂತಾ ಅಂತಲೂ ಕೇಳಲಿಲ್ಲ. ನಾನು ಕೊಟ್ಟೆ, ನೀನು ಇಸ್ಕೊಂಡೆ, ಡಬ್ಬಿಗೆ ಹಾಕ್ದೆ. ಇವಳಿಗೆ ಈಗ ದುಡ್ಡು ಅಂದ್ರೆ ಸಲಿಗೆ ಆಗ್ಬಿಟ್ಟಿದೆ ಅಂದ್ಕೊಂಡೆ ನಾನು.

ಕೇಳು. ಈಗ ಕೇಳು ನನ್ನನ್ನ, ದುಡ್ಡು ತರೋಕೆ ಹೋಗಲ್ವಾ ಅತ್ತೆ ಅಂತ. ಕೇಳೇ! ಬಾಯಿ ಬಿಟ್ಟು ಒಂದು ಸಲ ಕೇಳು.

ಕೇಳಲ್ಲ.

ದುಡ್ಡು ಬರಲ್ಲ ಅಂತ ನಿನಗೆ ಗೊತ್ತು.

...ಯಾರು ಹೇಳಿದ್ರು? ಮಿಷನ್ನಿನವನಾ? ಅವನಿಗೆ ಕೈ ಮುಗಿದು ಹೇಳಿದ್ದೆ, ಅಪ್ಪಾ, ಮನೆಗೆ ಸುದ್ದಿ ಮುಟ್ಟಿಸ್ಬೇಡ ಅಂತ. ಅವನಲ್ವಾ? ಮತ್ತೆ ಮಗುವಾ? ಸ್ಕೂಲಿಂದ ಬರೋವಾಗ ನೋಡಿದ್ಲಾ? ಅವಳೂ ಅಲ್ಲ. ಹಾಗಾದ್ರೆ... ನೀನಾ? ನೀನೇ ಬಂದಿದ್ಯಾ ಬೆಳ್ಳುಳ್ಳಿ ಗೋಡೌನ್ ಹತ್ರ? ಯಾವಾಗ? ನಾನು ಎಲ್ಲಿ ಕೂತಿದ್ದೆ ಆಗ? ಒಳಗಾ, ಮೆಟ್ಟಿಲ ಮೇಲಾ? ಮೆಟ್ಟಿಲ ಮೇಲೆ, ಬುಟ್ಟಿ ಮುಂದಿಟ್ಕೊಂಡು, ಸಿಪ್ಪೆಯೆಲ್ಲ ತಲೆಗೆ ಹಾರಿರೋ ಹಾಗೆ... ಹಾಗೇ ನೋಡಿದ್ಯಾ?

ಅಯ್ಯೋ. ಮಾನ ಹೋಯ್ತಲ್ಲೇ.

ಸರಿ, ಕೇಳು ಹಾಗಾದ್ರೆ. ಅರ್ಧ ಗೊತ್ತಿರೋದಕ್ಕಿಂತ ಪೂರ್ತಿ ಗೊತ್ತಿರ್ಲಿ. ಬೆರಳು ಹೋಯ್ತು ಕಣೇ. ನಾನೇ ಕಳ್ಕೊಂಡೆ. ಸರ್ಕಾರದ ಮಿಷನ್ನು, ಅಷ್ಟು ದುಡ್ಡು ಕೊಡುತ್ತೆ, ಅದರ ಮೇಲೆ ಕೊಳಕು ಬೆರಳು ಇಡೋಕಾಗುತ್ತಾ? ಗೂಡಿಂದ ನಿನ್ನ ಗಂಡ ತರ್ತಿದ್ನಲ್ಲ ಇಟ್ಟಿಗೆ ಪುಡಿ, ಪಾತ್ರೆಗೆ ಅಂತ. ಅದನ್ನ ಹಾಕಿ ಉಜ್ತಿದ್ದೆ. ಒಂದಿನ ಮುಂಚೆಯೇ ಶುರು ಮಾಡ್ತಿದ್ದೆ. ನೀನು ತಪ್ಪಲೆ ಉಜ್ಜೋ ಹಾಗೆ, ತಿರುಗಿಸಿ ತಿರುಗಿಸಿ, ಹೊಳೀಬೇಕು ಅಂತ! ಹೊಳೀತು. ಮೊದಮೊದಲು ಮಿಷನ್ನು ಎರಡು ಸಲ ಕೇಳ್ತು, ಆಮೇಲೆ ನಾಲ್ಕು ಸಲ ಕೇಳ್ತು. ಇನ್ನೂ ಕೊಳೆ ಇದೆ ಅಂದ್ಕೊಂಡು ನಾನು ಇನ್ನೂ ಉಜ್ದೆ. ಕೊನೆಗೊಂದಿನ ಅವನು ನನ್ನ ಹೆಬ್ಬೆರಳು ಬೆಳಕಿಗೆ ಹಿಡಿದು ನೋಡಿ, "ಅಜ್ಜಿ, ಬೆರಳು ಇಡಿ ಅಂದ್ರೆ ಗೋಲಿ ಇಡ್ತಿದ್ದೀರಲ್ಲ, ಗೆರೆಯೆಲ್ಲಿ?" ಅಂದ. ಸಾಲಲ್ಲಿದ್ದೋರೆಲ್ಲ ಗೊಳ್ಳಂತ ನಕ್ರು. ಹತ್ತೂ ಬೆರಳು ಇಡಿಸ್ದ. ನಾನು ಹತ್ತೂ ಉಜ್ಜಿದ್ದೆ! ಒಂದಕ್ಕಿಂತ ಒಂದು ಫಳಫಳ ಅಂತಿದ್ವು.

ದೊಡ್ಡ ಆಫೀಸಿಗೆ ಹೋಗ್ಬೇಕಂತೆ. ಅಲ್ಲಿ ಕಣ್ಣು ತೋರಿಸಿದ್ರೆ ಸಾಕಂತೆ, ಬೆರಳು ಬೇಡ್ವಂತೆ. ಮನೆಯವರನ್ನ ಯಾರನ್ನಾದ್ರೂ ಕರ್ಕೊಂಡು ಹೋಗಿ ಅಂದ. ಮನೆಯವರನ್ನ! ಅದೊಂದು ಬಿಟ್ಟು ಬೇರೆ ಏನು ಹೇಳಿದ್ರೂ ಮಾಡ್ತಿದ್ದೆ. ಹೇಳೋಣ ಅಂತಲೇ ಬಂದೆ ಕಣೇ ಅವತ್ತು, ಆಣೆ ಮಾಡಿ ಹೇಳ್ತೀನಿ. ನೀನು ಬಾಗಿಲಲ್ಲಿ ನಿಂತು "ಬಂತಾ ಅತ್ತೆ?" ಅಂದೆ. ಬಂತು ಅಂದ್ಬಿಡ್ತು ಬಾಯಿ. ಚಿಲ್ಲರೆ ಇರಲಿಲ್ವಂತೆ, ನಾಳೆ ಕೊಡ್ತಾನಂತೆ ಅಂತ ಸೇರಿಸ್ತು ಬೇರೆ. ಮಾರನೇ ದಿನ ಗೋಡೌನಿನವಳ ಕಾಲಿಗೆ ಬಿದ್ದು, ಬೆಳ್ಳುಳ್ಳಿ ಬಿಡಿಸಿ ತೀರಿಸ್ತೀನಿ ಅಂತ ಮುಂಗಡ ಇಸ್ಕೊಂಡೆ. ಮಗ ಮುಂಗಡ ಬಿಟ್ಟ, ಅಮ್ಮ ಹಿಡಿದ್ಲು. ಅಲ್ಲಿಂದ ಹೀಗೇ ನಡೀತಿದೆ. ಬುಟ್ಟಿ ಲೆಕ್ಕದಲ್ಲಿ ಕೊಡ್ತಾರೆ, ಹುಡುಗಿಯರು ನಾಲ್ಕು ಬಿಡಿಸೋ ಹೊತ್ತಿಗೆ ನಂದು ಒಂದಾಗುತ್ತೆ. ಕೈ ಉರಿಯುತ್ತೆ, ರಾತ್ರಿ ತಣ್ಣೀರಲ್ಲಿ ಅದ್ಕೊಂಡು ಕೂರ್ತಿದ್ದೆ. ನೀನು ನಿದ್ದೆಯಲ್ಲಿದ್ದೀಯ ಅಂದ್ಕೊಂಡಿದ್ದೆ.

ಇರಲಿಲ್ವಾ?

ತಾಳು. ತಾಳು ತಾಳು. ಹೋದ ತಿಂಗಳು ದುಡ್ಡು ಇಸ್ಕೊಳ್ಳೋ ಮುಂಚೆಯೇ ನೋಡಿದ್ಯಾ, ಆಮೇಲಾ? ...ಮುಂಚೆ. ಅದಕ್ಕೂ ಹಿಂದಿನ ತಿಂಗಳು? ...ಅದಕ್ಕೂ ಮುಂಚೆ! ನೋಡಿ, ಮಾತಾಡಿಸದೆ ಹಾಗೇ ವಾಪಸ್ ಬಂದ್ಯಾ? ಅತ್ತೆ ಏಳಿ ಮನೆಗೆ ಹೋಗೋಣ ಅಂತ ಒಂದು ಮಾತು ಬರಲಿಲ್ವಾ ನಿನ್ನ ಬಾಯಿಗೆ? ಆಮೇಲೆ ತಿಂಗಳು ಮುಗಿದ ಕೂಡಲೇ ಕೈ ಚಾಚಿ, ಈ ಕೈಯಿಂದ, ಬೆಳ್ಳುಳ್ಳಿ ವಾಸನೆ ಹೊಡೆಯೋ ಅದೇ ನೋಟು ಇಸ್ಕೊಂಡು ಡಬ್ಬಿಗೆ ಹಾಕಿದ್ಯಾ?

ತಲೆ ಎತ್ತು. ಎತ್ತೇ ಅಂದೆ!

...ಒಂದು ರಾತ್ರಿ ನೀನು ಊಟ ಮಾಡಲಿಲ್ಲ, ಹೊಟ್ಟೆನೋವು ಅಂದೆ. ಅವತ್ತಾ ನೋಡಿದ್ದು? ಹೂಂ. ಅವತ್ತೇ.

ಹೋಗ್ಲಿ ಬಿಡು. ಕೂಗಾಡಲ್ಲ. ನಿನ್ನ ಜಾಗದಲ್ಲಿ ನಾನಿದ್ರೂ ಇಸ್ಕೋತಿದ್ದೆ. ಇಸ್ಕೊಳ್ದೆ ಇನ್ನೇನು ಮಾಡ್ತೀಯ? ಬಾಯಿ ಬಿಟ್ರೆ ದುಡ್ಡು ನಿಲ್ಲುತ್ತೆ. ದುಡ್ಡು ನಿಂತ್ರೆ ಇವನು ಮತ್ತೆ ಗೂಡಿನವನ ಮುಂದೆ ಹೋಗಿ ನಿಲ್ತಾನೆ, ಮಗು ಬೂಟು ಬಿಚ್ಚಿ ಮೇಕೆ ಹಿಂದೆ ಹೋಗುತ್ತೆ. ಮುದುಕಿ ಕೈ ಉರಿದ್ರೆ ಉರೀಲಿ ಅಂತ ನಾನೂ ಸುಮ್ಮನಿರ್ತಿದ್ದೆ. ಕೋಪ ಬರ್ತಿದೆ ನನಗೆ, ಸುಳ್ಳು ಹೇಳಲ್ಲ, ನಿನ್ನ ಕೆನ್ನೆಗೆ ಎರಡು ಬಿಡ್ಬೇಕು ಅನ್ನಿಸ್ತಿದೆ. ಆದ್ರೂ ನಾನೂ ಇಸ್ಕೋತಿದ್ದೆ.

ಹಾಗಾದ್ರೆ ಈಗ ಹೋಗೋದು ಆ ದೊಡ್ಡ ಆಫೀಸಿಗಾ? ಕಣ್ಣು ತೋರಿಸೋಕಾ? ಅದಕ್ಕಾ ಈ ಬಿಸಿನೀರು, ಆಟೋ? ಮೊದಲೇ ಹೇಳೋದಕ್ಕೇನಾಗಿತ್ತು ನಿನಗೆ! ...ಹೇಳಿದ್ರೆ ನಾನು ಮಿಷನ್ನಿನ ಕಡೆ ಓಡಿಹೋಗಿ ಬಂತು ಬಂತು ಅಂತ ಮತ್ತೆ ಸುಳ್ಳು ಹೇಳ್ತಿದ್ದೆ, ಅದೂ ಸರಿಯೇ.

ನೀರು ಆರಿಹೋಗಿರುತ್ತೆ. ಆಗ್ಲಿ, ಅದರಲ್ಲೇ ಮಾಡ್ತೀನಿ. ಕೈ ಕೊಡು, ಎಬ್ಬಿಸು. ಮೆಲ್ಲಗೆ...

ಇಲ್ಲ, ಇರು. ಒಂದು ನಿಮಿಷ ಬಿಡು.

ನನ್ನ ಕಣ್ಣು ನೋಡಿದ್ದೀಯಾ ನೀನು? ಹತ್ರ ಬಾ, ನೋಡು. ಎರಡರಲ್ಲೂ ಪೊರೆ. ನಿನ್ನ ಮುಖ ನನಗೆ ಕಾಣೋದೇ ಹೊಗೆಯಲ್ಲಿ ಕಂಡ ಹಾಗೆ. ನನಗೆ ಹೊರಗಡೆಯದು ಕಾಣದೇ ಇದ್ದಾಗ ಅವರ ಮಿಷನ್ನಿಗೆ ಒಳಗಡೆಯದು ಏನು ಕಾಣುತ್ತೆ? ಕಣ್ಣೂ ಬರಲಿಲ್ಲ ಅಂದ್ರೆ? ಬೆರಳೂ ಇಲ್ಲ, ಕಣ್ಣೂ ಇಲ್ಲ ಅಜ್ಜಿ, ಹೋಗಿ ಅಂದ್ರೆ? ದುಡ್ಡು ಇನ್ನು ಯಾವತ್ತೂ ಬರಲ್ಲ ಅಂತ ಅಲ್ಲೇ, ನಿನ್ನ ಮುಂದೇನೇ ಹೇಳ್ಬಿಟ್ರೆ?

ಬೆಳ್ಳುಳ್ಳಿ ನಾನು ಈಗಲೂ ಬಿಡಿಸ್ತೀನಿ. ಕೈ ಇರೋವರೆಗೂ ಬಿಡಿಸ್ತೀನಿ. ಮಂಚ ಬೇಕಾದ್ರೆ ನೀವೇ ಇಟ್ಕೊಳ್ಳಿ, ಚಪ್ಪರದಲ್ಲಿ ಮಲಗ್ತೀನಿ. ಕೋಳಿಗಳು ನನಗೇನು ಹೊಸಬರಲ್ಲ.

ಆದ್ರೆ ಆ ಚೀಲದಲ್ಲಿ ತಿಂಗಳ ಮಾತ್ರೆ ಯಾಕೆ ಅಂತ ನೀನಿನ್ನೂ ಹೇಳಿಲ್ಲ. ಕಣ್ಣೂ ಬರಲಿಲ್ಲ ಅಂದ್ರೆ... ಅಲ್ಲಿಂದ ಇದೇ ಆಟೋದಲ್ಲಿ ನನ್ನನ್ನ ಮನೆಗೆ ವಾಪಸ್ ಕರ್ಕೊಂಡು ಬರ್ತೀಯಾ?

ಅಳ್ಬೇಡ. ಅಳು ನನಗೆ ಅರ್ಥ ಆಗಲ್ಲ, ಅದು ಹೂಂಗೂ ಆಗುತ್ತೆ, ಇಲ್ಲಕ್ಕೂ ಆಗುತ್ತೆ. ಕೈ ಬೇರೆ ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದೀಯ, ನೋಯ್ತಿದೆ... ಬಿಡ್ಬೇಡ, ಹಿಡ್ಕೊಂಡಿರು. ಅಳೋದೆಲ್ಲ ಆಮೇಲೆ ಇಟ್ಕೊಳ್ಳೋಣ ಕಣೇ. ಬೇರೆ ಏನೂ ಹೇಳ್ಬೇಕಾಗಿಲ್ಲ ನೀನು. ಒಂದು ಸಲ, ಬಾಯಿ ಬಿಟ್ಟು, ಹೂಂ ಅನ್ನು.

ಹೂಂ ಅನ್ನೇ.